ಆರ್ಕೆಸ್ಟ್ರಾ ಇರುತ್ತಲ್ಲ?

ನಮ್ಮ ಕೊಯಮತ್ತೂರು ಕನ್ನಡದವರ ರಿಸೆಪ್ಷನ್ನಿಗೆ ನೀವು ಇದುವರೆಗೆ ಬಂದಿಲ್ಲವಾದರೆ ಹೋದ ಜನ್ಮದಲ್ಲಿ ಏನೋ ಪುಣ್ಯ ಮಾಡಿದ್ದೀರಿ. ವರ್ಷಕ್ಕೊಮ್ಮೆ ಮುಖ ನೋಡುವ ನಾನೂರು ಜನ ನೆಂಟರು ಒಂದೇ ಮಂಟಪದಲ್ಲಿ ಸೇರುವುದು ಮಾತಾಡಲಿಕ್ಕೆ. ಸೇರಿದ ಮೇಲೆ ಯಾರೂ ಯಾರ ಹತ್ತಿರವೂ ಒಂದು ಮಾತೂ ಆಡಲಾಗದ ಹಾಗೆ ಏರ್ಪಾಡು ಮಾಡುವುದು ಹುಡುಗಿಯ ಅಪ್ಪನ ಜವಾಬ್ದಾರಿ. ಅದಕ್ಕಾಗಿ ಅವನು ಒಂದು ಆರ್ಕೆಸ್ಟ್ರಾ ತಂಡವನ್ನು ಗೊತ್ತು ಮಾಡುತ್ತಾನೆ. ವೇದಿಕೆಯ ಎರಡೂ ಕಡೆ ಬೀರುವಿನಷ್ಟು ಎತ್ತರದ ಸ್ಪೀಕರುಗಳು ಬರುತ್ತವೆ. ಹಳದಿ ಕೋಟಿನ ಗಾಯಕ ಬಂದು ಮೈಕಿಗೆ ಎರಡು ಸಲ ಊದಿ, 'ವಣಕ್ಕಂ ಕೋವೈ' ಎಂದು ಕಿರುಚುತ್ತಾನೆ. ಅಲ್ಲಿಗೆ ಮನುಷ್ಯರ ಮಾತು ಮುಗಿಯಿತು.

ಆದರೆ ನಮ್ಮವರು ಬಿಡುತ್ತಾರೆಯೇ? ಒಂದು ಸನ್ನೆ ಭಾಷೆ ಮಾಡಿಕೊಂಡಿದ್ದಾರೆ. ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಆಡಿಸಿ ಹುಬ್ಬು ಏರಿಸಿದರೆ 'ಊಟ ಆಯ್ತಾ?' ಅಂಗೈ ಅಲ್ಲಾಡಿಸಿದರೆ 'ಇನ್ನೂ ಇಲ್ಲ.' ಗಾಳಿಯಲ್ಲಿ ಮಗುವಿನ ಎತ್ತರ ತೋರಿಸಿದರೆ 'ಮಕ್ಕಳು ಹೇಗಿದ್ದಾರೆ?' ಮಗು ಬೆಳೆದು ಪಾಸಾಗಿ ಕೆಲಸಕ್ಕೆ ಸೇರಿದ್ದರೂ ಎತ್ತರ ಮಾತ್ರ ಅಷ್ಟೇ. ವೇದಿಕೆ ಕಡೆ ಕಣ್ಣು ಹೊರಳಿಸಿ ಮೂಗು ಮುರಿದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಅಚ್ಚಾದ ಲಗ್ನಪತ್ರಿಕೆಯನ್ನು ನಮ್ಮಲ್ಲಿ ಅರ್ಧ ಜನ ಓದಲಾರರು, ಮಗುಚಿ ತಮಿಳು ಪುಟ ನೋಡುತ್ತಾರೆ. ಈ ಸನ್ನೆ ಮಾತ್ರ ಎಲ್ಲರಿಗೂ ಬಾಯಿಪಾಠ.

ಈ ಭಾಷೆಯ ಮಹಾಪಂಡಿತ ನಮ್ಮಪ್ಪ, ಕೃಷ್ಣಮೂರ್ತಿ. ಅವಿನಾಶಿ ರಸ್ತೆಯ ಒಂದು ಮಿಲ್ಲಿನಲ್ಲಿ ನೇಯ್ಗೆ ವಿಭಾಗದ ಮಾಸ್ಟರಾಗಿದ್ದು ರಿಟೈರಾದವನು. ಮಗ್ಗಗಳ ಗದ್ದಲದಲ್ಲಿ ಕೈಸನ್ನೆಯಲ್ಲೇ ಕೆಲಸ ತೆಗೆದ ಅಭ್ಯಾಸ. ರಿಸೆಪ್ಷನ್ನೆಂದರೆ ಅಪ್ಪನಿಗೆ ಹಬ್ಬ. ಮಧ್ಯಾಹ್ನವೇ ಪಂಚೆಗೆ ಇಸ್ತ್ರಿ ಮಾಡಿಸುತ್ತಾನೆ. ಹೋದವನೇ ಮೊದಲ ಸಾಲಿನಲ್ಲಿ, ಸ್ಪೀಕರಿನ ಬುಡದಲ್ಲೇ ಕೂರುತ್ತಾನೆ. ಅಲ್ಲಿಂದ ಇಡೀ ಸಭೆಗೆ ಕೈ ಬೀಸುತ್ತಾನೆ, ನಗುತ್ತಾನೆ, ಎದೆ ಮುಟ್ಟಿಕೊಳ್ಳುತ್ತಾನೆ, ದೂರದಲ್ಲಿರುವವರ ಜೊತೆ ಜಗಳವಾಡಿ ರಾಜಿಯೂ ಮಾಡಿಕೊಳ್ಳುತ್ತಾನೆ. ಅದೇ ಅಪ್ಪನನ್ನು ಸದ್ದಿಲ್ಲದ ಒಂದು ನಾಮಕರಣಕ್ಕೆ ಕರೆಯಿರಿ, ಮಂಡಿನೋವು. ಸತ್ಯನಾರಾಯಣ ಪೂಜೆಗೆ ಕರೆಯಿರಿ, ಶೀತ. ಗದ್ದಲವೊಂದೇ ಅವನಿಗೆ ಔಷಧಿ ಎಂದು ನಾನು ಆಡಿಕೊಳ್ಳುತ್ತಿದ್ದೆ.

ನನ್ನ ಹೆಸರು ಮಾಧವಿ. ಪೀಳಮೇಡಿನ ಒಂದು ಪಂಪು ಕಾರ್ಖಾನೆಯಲ್ಲಿ ಇಂಜಿನಿಯರು. ನನ್ನ ಕೆಲಸ ಕೇಳುವುದು. ಹೊರಗಿನ ಸದ್ದು ಬಾರದ ಒಂದು ಕೋಣೆಯಲ್ಲಿ ಪಂಪು ಓಡಿಸುತ್ತಾರೆ, ಅದರ ಹೊಟ್ಟೆಯೊಳಗೆ ಬೇರಿಂಗು ಏನು ಹೇಳುತ್ತಿದೆ ಎಂದು ನಾನು ಕೇಳುತ್ತೇನೆ. ಅಳೆಯುವ ಯಂತ್ರವೂ ಇದೆ. ಆದರೆ ಯಂತ್ರಕ್ಕೆ ಎಲ್ಲಿ ಅಳೆಯಬೇಕು ಎಂದು ತೋರಿಸಲಿಕ್ಕೆ ಮೊದಲು ಒಂದು ಕಿವಿ ಬೇಕು. ನನ್ನ ಅನ್ನ ಇರುವುದು ಕಿವಿಯಲ್ಲಿ.

ಆ ಅನ್ನಕ್ಕೆ ಕಲ್ಲು ಬಿದ್ದದ್ದು ಭಾಮಾ ಅತ್ತೆಯ ಮಗ ಮಧ್ವೇಶನ ರಿಸೆಪ್ಷನ್ನಿನಲ್ಲಿ. ಭಾಮಾ ಅತ್ತೆ ಅಪ್ಪನ ತಂಗಿ. ಹೆಣ್ಣು ಗಂಡು ಕೂಡಿಸುವುದು, ಕೂಡಿದ್ದನ್ನು ಕೆಡಿಸುವುದು ಎರಡೂ ಅವಳದೇ ಇಲಾಖೆ. ಅವತ್ತು 'ಮನೆ ಹುಡುಗಿ ನೀನು, ಮುಂದೆ ಇರು' ಎಂದು ನನ್ನನ್ನು ಸ್ಪೀಕರಿನ ಎದುರಿಗೇ ಪನ್ನೀರು ಚಿಮುಕಿಸಲು ನಿಲ್ಲಿಸಿದಳು. ಮಾರನೆಯ ದಿನ ಎದ್ದರೆ ಕಿವಿಯೊಳಗೆ ಜೀರುಂಡೆ. ವಾರವಾದರೂ ಹೋಗಲಿಲ್ಲ. ಕೆಲಸದಲ್ಲಿ ಪಕ್ಕದ ಮೇಜಿನ ಸೆಂದಿಲ್ 'ಈ ಪಂಪು ಅಳ್ತಾ ಇದೆ' ಎಂದು ತಮಿಳಿನಲ್ಲಿ ಹೇಳಿದಾಗ ನನಗೆ ಆ ಅಳು ಕೇಳಲೇ ಇಲ್ಲ. ಹೆದರಿ ಹೋದೆ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸಣ್ಣ ಸಣ್ಣ ಕೂದಲುಗಳಿವೆ, ಹೆಚ್ಚು ಸದ್ದಿಗೆ ಅವು ಬಾಗುತ್ತವೆ, ವಿಶ್ರಾಂತಿ ಕೊಟ್ಟರೆ ಏಳುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ತಲೆಕೂದಲಾದರೆ ಎಣ್ಣೆ ಹಚ್ಚಿಕೊಂಡು ಆಸೆಯಿಂದ ಕಾಯಬಹುದು, ಇದಕ್ಕೆ ಅದೂ ಇಲ್ಲ. 'ಈ ಸಲ ಬಚಾವಾದೆಯಮ್ಮ' ಎಂದು ಕಳಿಸಿದರು. ಜೀರುಂಡೆ ನಿಧಾನವಾಗಿ ಹೋಯಿತು. ನಾನು ಅವತ್ತೇ ಎರಡು ಜೊತೆ ಕಿವಿಬಿರಡೆ ತರಿಸಿದೆ. ಹತ್ತಿಯೋ ಸ್ಪಂಜೋ ಅಲ್ಲ, ಕಾಣಿಸದಂಥ ತಿಳಿ ಬಿರಡೆ. ಒಳಗೆ ಸಣ್ಣ ಜಾಲರಿ ಇರುತ್ತದೆ. ಎಲ್ಲ ಸದ್ದನ್ನೂ ಒಂದೇ ಸಮ ತಗ್ಗಿಸುತ್ತದೆ, ಎದುರಿಗಿರುವವರ ಮಾತು ಮಾತಾಗಿಯೇ ಉಳಿಯುತ್ತದೆ.

ಅದಾದ ಮೇಲೆ ರಿಸೆಪ್ಷನ್ನಿಗೆ ಹೋಗುವುದನ್ನೇ ಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಿಟ್ಟು ನೋಡಿ! ನಮ್ಮ ಜನಕ್ಕೆ ಸಾವಿಗೆ ಬರದವರನ್ನು ಕ್ಷಮಿಸಿ ಗೊತ್ತು, ರಿಸೆಪ್ಷನ್ನಿಗೆ ಬರದವರನ್ನು ಕ್ಷಮಿಸಿ ಗೊತ್ತಿಲ್ಲ. ಹಾಗಾಗಿ ನಾನು ಹೋಗುತ್ತಿದ್ದೆ, ಆದರೆ ನನ್ನ ರೀತಿಯಲ್ಲಿ. ಒಳಗೆ ಕಾಲಿಡುವ ಮೊದಲೇ ಬಿರಡೆ ಕಿವಿಗೆ. ಸ್ಪೀಕರಿನ ಬಾಯಿಗೆ ಎದುರಾಗಿ ಕೂರುವುದಿಲ್ಲ, ಕೈತೊಳೆಯುವ ತೊಟ್ಟಿಗಳ ಓಣಿಯಲ್ಲಿ ಗೋಡೆ ಮರೆಗೆ ನಿಲ್ಲುವುದು. ಸ್ವಲ್ಪ ಹೊತ್ತಿಗೊಮ್ಮೆ ಚಪ್ಪಲಿ ಬಿಡುವ ಜಾಗಕ್ಕೆ ಹೋಗಿ ಕಿವಿಗೆ ಗಾಳಿ ಕುಡಿಸಿ ಬರುವುದು. ತಮಾಷೆಯೆಂದರೆ, ಇಡೀ ಮಂಟಪದಲ್ಲಿ ಜನರ ಮಾತು ಸರಿಯಾಗಿ ಕೇಳುತ್ತಿದ್ದವಳು ಕಿವಿ ಮುಚ್ಚಿಕೊಂಡಿದ್ದ ನಾನೊಬ್ಬಳೇ. ಉಳಿದವರೆಲ್ಲ ಕಿವಿ ತೆರೆದುಕೊಂಡು ಕಿವುಡರಾಗಿದ್ದರು.

ಅಂಥ ಒಂದು ಓಣಿಯಲ್ಲೇ ನಿಶಾಂತ್ ಸಿಕ್ಕಿದ್ದು. ತುಮಕೂರಿನವನು, ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಹೊರದೇಶದ ಆರ್ಡರು ನೋಡಿಕೊಳ್ಳುವವನು, ಅವತ್ತಿನ ಮದುವೆ ಹೆಣ್ಣಿಗೆ ದೂರದ ನೆಂಟ. ಎರಡೂ ಕಿವಿಗೆ ಬೆರಳು ತುರುಕಿಕೊಂಡು, ತೊಟ್ಟಿಯ ಪಕ್ಕ, ಶಿಕ್ಷೆಗೆ ನಿಲ್ಲಿಸಿದವನ ಹಾಗೆ ನಿಂತಿದ್ದ.

'ಬೆರಳು ತೆಗೀರಿ, ಕೈ ನೋಯುತ್ತೆ' ಎಂದೆ. ಪರ್ಸಿನಿಂದ ಬಿಚ್ಚದ ಒಂದು ಜೊತೆ ಬಿರಡೆ ತೆಗೆದು ಕೊಟ್ಟೆ.

ಹಾಕಿಕೊಂಡ. ಕಣ್ಣು ಅಗಲವಾಯಿತು. 'ರೀ, ನಿಮ್ಮ ಮಾತು ಕೇಳಿಸ್ತಿದೆ!'

'ಪಿನ್ನೆ? ಅದಕ್ಕೇ ತಾನೇ ಕೊಟ್ಟಿದ್ದು.'

'ಪಿನ್ನೆ ಅಂದ್ರೆ?'

'ಮತ್ತೇನು ಅಂತ. ನಮ್ಮ ಕನ್ನಡ ಹೀಗೇ. ಅರ್ಧ ಇಲ್ಲೇ ಕಲೆತು ಹೋಗಿದೆ, ಪೊರುತ್ಕೋಬೇಕು. ಅಂದ್ರೆ ಸಹಿಸ್ಕೋಬೇಕು.'

ಹೊಟ್ಟೆ ತುಂಬ ನಕ್ಕ. ಅವನು ತಿರುಪ್ಪೂರಿಗೆ ಬಂದಾಗಿನಿಂದ ಯಾರ ಹತ್ತಿರವೂ ಇಷ್ಟು ಹೊತ್ತು ಕನ್ನಡದಲ್ಲಿ ಮಾತಾಡಿರಲಿಲ್ಲವಂತೆ. ಜನ ಕೈತೊಳೆಯಲು ಬಂದರು, ಹೋದರು. ನಾವು ಮಾತಾಡುತ್ತಲೇ ಇದ್ದೆವು. ಆಮೇಲೆ ಅವನು ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಗಾಂಧಿಪುರಕ್ಕೆ ಬರುತ್ತಿದ್ದ. ಕಾಫಿ ಕುಡಿಯಲು ಸದ್ದಿಲ್ಲದ ಜಾಗ ಹುಡುಕುತ್ತ ನಾವು ಅರ್ಧ ಊರು ಸುತ್ತಿದೆವು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನನಗೆ ಅವನು ಬೇಕಿತ್ತು. ಯಾವ ಜಾತಕ, ಯಾವ ಅತ್ತೆ ಅಡ್ಡ ಬಂದರೂ ಬೇಕಿತ್ತು.

ಜಾತಕ ಅಡ್ಡ ಬರಲಿಲ್ಲ. ಅತ್ತೆ ಬಂದಳು.

ನಮ್ಮಲ್ಲಿ ಒಂದು ಪದ್ಧತಿ. ಗಂಡಿನ ಕಡೆಯವರು ನೇರವಾಗಿ ಹೆಣ್ಣಿನ ಮನೆಗೆ ಬರುವುದಿಲ್ಲ, ಬೇಡ ಎನ್ನಬೇಕಾಗಿ ಬಂದರೆ ದಾಕ್ಷಿಣ್ಯವಲ್ಲವೇ? ಮೊದಲು ಬೇರೆ ಯಾರದೋ ರಿಸೆಪ್ಷನ್ನಿನಲ್ಲಿ ದೂರದಿಂದ ನೋಡುತ್ತಾರೆ. ಯಾರದೋ ಮದುವೆಯ ಬೆಳಕಿನಲ್ಲಿ, ಯಾರದೋ ಅನ್ನ ತಿಂದು, ಕುರಿ ಆರಿಸುವ ಕೆಲಸ. ಹಾಗೆ ನನ್ನನ್ನು ನೋಡಲು ನಿಶಾಂತನ ತಾಯಿ ಸುಶೀಲಮ್ಮನವರು ತುಮಕೂರಿನಿಂದ ಬಂದು ಗಾಂಧಿಪುರದ ಒಂದು ಮಂಟಪದಲ್ಲಿ ಕೂತಿದ್ದರು. ನಾನು ಅವತ್ತು ಬುದ್ಧಿಯಿಲ್ಲದೆ ಜಡೆ ಎತ್ತಿ ಕಟ್ಟಿ ಮಲ್ಲಿಗೆ ಮುಡಿದಿದ್ದೆ. ಬಿರಡೆ ಲೈಟಿಗೆ ಮಿನುಗಿತು. ಅತ್ತೆ ಕಂಡಳು.

ಬಂದು ಕೇಳಿದ್ದರೆ ಹೇಳುತ್ತಿದ್ದೆ. ಕೇಳುವುದು ಹೇಗೆ, ಆರ್ಕೆಸ್ಟ್ರಾ ಇದೆಯಲ್ಲ! ಅತ್ತೆ ಅಲ್ಲಿಂದಲೇ ತನ್ನ ಓರಗಿತ್ತಿಗೆ ಸನ್ನೆ ಮಾಡಿದಳು: ಗಲ್ಲದಿಂದ ನನ್ನನ್ನು ತೋರಿಸಿ, ಬೆರಳಿನಿಂದ ಕಿವಿ ಮುಟ್ಟಿ, ಅಂಗೈ ಅಲ್ಲಾಡಿಸಿ, ಕಿವಿಯ ಹಿಂದೆ ಮೆಷಿನ್ನಿನ ಆಕಾರ ಬರೆದಳು. ಓರಗಿತ್ತಿ ಮುಂದಿನ ಸಾಲಿಗೆ ದಾಟಿಸಿದಳು. ಮಾತಿನಲ್ಲಾದರೆ ನಾಕು ಜನಕ್ಕೆ ತಲುಪುತ್ತಿತ್ತೋ ಏನೋ, ಸನ್ನೆಯಾದ್ದರಿಂದ ಹಾಡು ಮುಗಿಯುವ ಮೊದಲೇ, ಅಪ್ಪನೊಬ್ಬನ ಕಣ್ಣು ತಪ್ಪಿಸಿ, ಇಡೀ ಮಂಟಪಕ್ಕೆ ತಲುಪಿತು. ಸುಶೀಲಮ್ಮನವರಿಗೂ ತಲುಪಿತು. ಕೊಯಮತ್ತೂರಿನ ಸನ್ನೆ ತುಮಕೂರಿನವರಿಗೂ ಅರ್ಥವಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಮಾರನೆಯ ದಿನ ನಿಶಾಂತ್ ಫೋನು ಮಾಡಿದ. ದನಿ ಸೋತಿತ್ತು. 'ಅಮ್ಮಂಗೆ ಎಷ್ಟು ಹೇಳಿದ್ರೂ ನಂಬ್ತಿಲ್ಲ. ಪ್ರೀತಿ ಮಾಡಿದೋನಿಗೆ ಕುಂದು ಕಾಣಲ್ಲ ಅಂತಾರೆ. ಭಾನುವಾರ ಮನೆಗೆ ಬಂದು ತಾವೇ ನೋಡ್ತಾರಂತೆ. ಕಿವೀದು ನಿಜ ಆದ್ರೆ ಈ ಮಾತು ಇಲ್ಲಿಗೇ ಬಿಡೋಣ ಅಂತ...'

'ಪರೀಕ್ಷೆಗೆ ಬರ್ತಾರೆ ಅನ್ನು.'

'ಹೂಂ.'

ಮೈ ಉರಿದುಹೋಯಿತು. ಕಿವಿ ಉಳಿಸಿಕೊಂಡವಳಿಗೆ ಕಿವುಡಿ ಎಂಬ ಬಿರುದು, ಕೊಟ್ಟವರು ಯಾರು? ಮಧ್ವೇಶನ ಮದುವೆಯಾದಾಗಿನಿಂದ ಫೋನಿನಲ್ಲಿ ಎರಡೆರಡು ಸಲ 'ಆಂ? ಆಂ?' ಎನ್ನುವ ಭಾಮಾ ಅತ್ತೆ. ಡೊಂಕು ಬಾಲದ ನಾಯಿ ನೆಟ್ಟಗಿರುವ ಬಾಲ ನೋಡಿ ನಕ್ಕಿತಂತೆ. ಅದಕ್ಕಿಂತ ಸಿಟ್ಟು ಬಂದದ್ದು ಅಪ್ಪನ ಮೇಲೆ. ಅತ್ತೆ ಅವನಿಗೂ ಫೋನು ಮಾಡಿ, 'ಅಣ್ಣಾ, ಮಾಧವಿಗೆ ಕಾದು ಕೇಳಲ್ಲ ಅಂತ ನೀನು ಒಂದು ವಾರ್ತೆ ಹೇಳಲಿಲ್ವೇ' ಎಂದು ಗೋಳಾಡಿದಳಂತೆ. ಕಾದು ಎಂದರೆ ತಮಿಳಿನಲ್ಲಿ ಕಿವಿ. ಅಪ್ಪ 'ಸರಿ ಸರಿ, ರೊಂಬ ಸಂತೋಷ' ಎಂದು ಫೋನಿಟ್ಟನಂತೆ. ಮಗಳ ಮಾನ ಹೋಗುತ್ತಿದ್ದರೆ ರೊಂಬ ಸಂತೋಷವಂತೆ!

ನಾನು ಅಪ್ಪನನ್ನು ಏನೂ ಕೇಳಲಿಲ್ಲ. ಕೇಳಲು ಸಂದು ಸಿಗಬೇಕಲ್ಲ. ಅಮ್ಮ ಇದ್ದಾಗ ಅಪ್ಪನ ಪರವಾಗಿ ಎಲ್ಲರಿಗೂ ಅವಳೇ ಉತ್ತರ ಹೇಳುತ್ತಿದ್ದಳು. ಅಮ್ಮ ಹೋದ ಮೇಲೆ ಆರ್.ಎಸ್. ಪುರದ ಈ ಫ್ಲಾಟಿನಲ್ಲಿ ನಾವಿಬ್ಬರೇ. ಅಪ್ಪ ಬೆಳಿಗ್ಗೆ ಶುರು ಮಾಡಿದರೆ ಮಿಲ್ಲು, ಮಗ್ಗ, ನೂಲಿನ ನಂಬರು ಎಂದು ತಾನೊಬ್ಬನೇ ಮಾತಾಡುತ್ತಿರುತ್ತಾನೆ. ಅವನ ಬಾಯಿ ನಿಂತರೆ ಟೀವಿ ಶುರು. ಟೀವಿಯ ಸದ್ದು ಎಷ್ಟೆಂದರೆ ಕೆಳಗಿನ ಮನೆಯವರು ಬೇರೆ ಟೀವಿ ಇಟ್ಟುಕೊಳ್ಳಬೇಕಿಲ್ಲ. ಮಿಲ್ಲಿನವರ ಚಟ ಎಂದು ಬೈದು, ಬಾಗಿಲು ಹಾಕಿಕೊಂಡು, ಮನೆಯಲ್ಲೂ ಬಿರಡೆ ಹಾಕಿಕೊಂಡು ಕೂರುತ್ತಿದ್ದೆ.

ಭಾನುವಾರ ಬೆಳಿಗ್ಗೆ ಬಂದರು. ಸುಶೀಲಮ್ಮ, ನಿಶಾಂತ್, ಜೊತೆಗೆ ಕರೆಯದಿದ್ದರೂ ಭಾಮಾ ಅತ್ತೆ. ಟೀವಿ ಆರಿಸಿ ರಿಮೋಟನ್ನು ನನ್ನ ಪಕ್ಕದಲ್ಲೇ ಇಟ್ಟುಕೊಂಡೆ, ಅಪ್ಪನ ಕೈಗೆ ಸಿಗದ ಹಾಗೆ. ಕಿವಿಯಲ್ಲಿ ಏನೂ ಇರಲಿಲ್ಲ. ಎರಡೂ ಕಡೆ ಕೂದಲು ಹಿಂದಕ್ಕೆ ಬಾಚಿ, ಕಿವಿ ಎರಡನ್ನೂ ಪ್ರದರ್ಶನಕ್ಕೆ ಇಟ್ಟಿದ್ದೆ.

ಪರೀಕ್ಷೆ ಶುರುವಾಯಿತು. ಸುಶೀಲಮ್ಮನವರು ಕಾಫಿ ಲೋಟ ಮುಟ್ಟದೆ, ಬಾಗಿಲ ಹತ್ತಿರದ ದೇವರ ಪಟ ನೋಡುವವರಂತೆ ಎದ್ದು ಹೋಗಿ, ನನಗೆ ಬೆನ್ನು ಹಾಕಿ, ಪಿಸುಗುಟ್ಟಿದರು. 'ಈ ಪಟ ಎಲ್ಲಿಂದ ತಂದಿದ್ದಮ್ಮ?'

'ಉಡುಪಿಯಿಂದ ಅಜ್ಜಿ ತಂದದ್ದು' ಎಂದೆ.

ಬಂದು ಕೂತರು. ಚಮಚ ಜಾರಿಸಿದರು, ಜಮಖಾನದ ಮೇಲೆ, ಸದ್ದಾಗದ ಹಾಗೆ. ನಾನು ಬಗ್ಗಿ ಎತ್ತಿಕೊಟ್ಟೆ. ಮಗನ ಕಡೆ ತಿರುಗಿ ತುಟಿ ಅಲ್ಲಾಡದಂತೆ 'ಉಪ್ಪಿಟ್ಟಿಗೆ ಉಪ್ಪು ಕಮ್ಮಿ' ಎಂದರು. ಉಪ್ಪಿನ ಬಟ್ಟಲು ಅವರ ಮುಂದಿಟ್ಟೆ. ನಿಶಾಂತ್ ಕೆಮ್ಮುವ ನೆಪದಲ್ಲಿ ನಗು ನುಂಗಿಕೊಂಡ. ನಾನು ಅಷ್ಟಕ್ಕೆ ಬಿಡಲಿಲ್ಲ, ಬಿಡುವ ಜಾತಿ ನನ್ನದಲ್ಲ. 'ಅಡುಗೆಮನೆ ಫ್ರಿಜ್ಜಿನ ಫ್ಯಾನು ಉಜ್ತಾ ಇದೆ, ನಿಮಗೂ ಕೇಳಿಸ್ತಿರಬೇಕು' ಎಂದೆ. 'ನಿಮ್ಮ ವಾಚು ಕೂಡ, ಆಂಟಿ. ಸೆಕೆಂಡಿನ ಮುಳ್ಳು ಎಲ್ಲೋ ತಡೀತಾ ಇದೆ.' ಅವರು ವಾಚನ್ನು ಕಿವಿಗೆ ಹಿಡಿದರು. ಅವರಿಗೇನೂ ಕೇಳಲಿಲ್ಲವೆಂದು ಮುಖವೇ ಹೇಳಿತು.

ಸುಶೀಲಮ್ಮನವರ ಹುಬ್ಬಿನ ಗಂಟು ಸಡಿಲಾಯಿತು. ಅತ್ತೆ ಸೀರೆಯ ಸೆರಗಿನ ಎಳೆ ಎಣಿಸತೊಡಗಿದಳು. ಗೆದ್ದೆ ಎಂದುಕೊಂಡೆ. ಗೆದ್ದೇ ಇದ್ದೆ.

ಅಪ್ಪ ಆಗಿನಿಂದ ಬಾಳೆಹಣ್ಣಿನ ತಟ್ಟೆ ಜೋಡಿಸುತ್ತ, ತಲೆ ಬಗ್ಗಿಸಿ, ಹಳೆಯ ಮಗ್ಗಕ್ಕೂ ಹೊಸ ಮಗ್ಗಕ್ಕೂ ಇರುವ ವ್ಯತ್ಯಾಸ ವಿವರಿಸುತ್ತಿದ್ದ. ಸುಶೀಲಮ್ಮನವರು ಮೊದಲ ಸಲ ಮನಸ್ಸಿಟ್ಟು, ಮರ್ಯಾದೆಯಿಂದ, ಅವನ ಕಡೆ ತಿರುಗಿದರು. 'ರಾಯರೇ, ಮದುವೆ ನಮ್ಮ ಕಡೆ ಇಟ್ಕೊಳ್ಳೋದೋ, ನಿಮ್ಮ ಕಡೆನೋ?'

'ಆಗೆಲ್ಲ ಮರದ ಲಾಳಿ ನೋಡಿ' ಎಂದ ಅಪ್ಪ.

'ರಾಯರೇ, ನಿಮ್ಮನ್ನೇ ಕೇಳಿದ್ದು. ಮದುವೆ ಎಲ್ಲಿ?'

ಅಪ್ಪ ತಲೆಯೆತ್ತಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಕಂಡಿತು. ದೊಡ್ಡದಾಗಿ ನಕ್ಕ. 'ತಗೊಳ್ಳಿ, ತಗೊಳ್ಳಿ' ಎಂದು ತಟ್ಟೆ ಮುಂದಕ್ಕೆ ತಳ್ಳಿದ. ಆದರೆ ಕಣ್ಣು ನಗಲಿಲ್ಲ. ಅವು ಸುಶೀಲಮ್ಮನವರ ತುಟಿಗೆ ಹೋದವು, ಅಲ್ಲಿಂದ ಅತ್ತೆಯ ತುಟಿಗೆ, ಕೊನೆಗೆ ನನ್ನ ಮುಖಕ್ಕೆ ಬಂದು ನಿಂತವು. ಅವನ ಕೈ ಅಂಗಿಯ ಗುಂಡಿಯನ್ನು ತಿರುಗಿಸತೊಡಗಿತು.

ಕಬ್ಬಿಣದ ಪಂಪಿನೊಳಗೆ ಬೇರಿಂಗು ಸವೆದದ್ದನ್ನು ಹೊರಗೆ ನಿಂತು ಹೇಳುವ ಮಹಾರಾಯಿತಿ ನಾನು. ಅಪ್ಪನ ಕಿವಿ ಹೋಗಿದೆಯೆಂದು ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ಇವತ್ತು ನಿನ್ನೆ ಹೋದದ್ದಲ್ಲ. ಟೀವಿ, ನಿಲ್ಲದ ಮಾತು, ನಾಮಕರಣದ ಮಂಡಿನೋವು, ಅಮ್ಮ ಹೇಳುತ್ತಿದ್ದ ಉತ್ತರಗಳು, ರೊಂಬ ಸಂತೋಷ. ಎದುರಿನವರು ಪ್ರಶ್ನೆ ಕೇಳಬಾರದೆಂದೇ ಅವನು ಮಾತಾಡುತ್ತಿದ್ದ. ಮಂಟಪದಲ್ಲಿ ಸ್ಪೀಕರಿನ ಬುಡದಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಅಲ್ಲಿ ಅವನು ಎಲ್ಲರಂತೆ ಒಬ್ಬ. ಅಲ್ಲೊಂದೇ ಕಡೆ.

ಸುಶೀಲಮ್ಮನವರು ಮೂರನೆಯ ಸಲ ಕೇಳಲು ಉಸಿರೆಳೆದುಕೊಂಡರು. ಇನ್ನೊಂದು ಗಳಿಗೆ, ಅಷ್ಟೇ. ಅಪ್ಪ ಇಷ್ಟು ವರ್ಷ ಕಾಪಾಡಿಕೊಂಡದ್ದು ಈ ಜನರ ಮುಂದೆ, ಅದೂ ಭಾಮಾ ಅತ್ತೆಯ ಮುಂದೆ, ಬಟ್ಟೆ ಬಿಚ್ಚಿ ನಿಲ್ಲುತ್ತದೆ. ನನ್ನ ಕೈ ರಿಮೋಟಿನ ಮೇಲೆ ಇತ್ತು. ಟೀವಿ ಹಾಕಿದೆ. ಭಾನುವಾರದ ಹಾಡಿನ ಕಾರ್ಯಕ್ರಮ. ಸದ್ದಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಅದು ಇನ್ನು ಏರುವುದಿಲ್ಲ ಎನ್ನುವವರೆಗೆ ಬಿಡಲಿಲ್ಲ.

ಕಿಟಕಿ ಗಾಜು ನಡುಗಿತು. ಸುಶೀಲಮ್ಮನವರು ಕಿವಿ ಮುಚ್ಚಿಕೊಂಡು ಏನೋ ಕೂಗಿದರು. ನಾನು ಕೂತೇ ಇದ್ದೆ, ಬಿರಡೆಯಿಲ್ಲದ ಕಿವಿಯಲ್ಲಿ. ನಾನೇನು ಮಾಡಿದೆನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ಸದ್ದು ಮಾಡಿಕೊಂಡು ಕೂರುವ ಹುಡುಗಿ ಕಿವುಡಿಯಲ್ಲದೆ ಇನ್ನೇನು? ಪಟ, ಚಮಚ, ಉಪ್ಪು, ಗೆದ್ದದ್ದೆಲ್ಲ ನೀರಿನಲ್ಲಿ ಹೋಮ. ನಿಶಾಂತ್ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಕಣ್ಣು ಸೇರಿಸಲು ನನಗೆ ಧೈರ್ಯ ಬರಲಿಲ್ಲ.

ಅಪ್ಪ ಮಾತ್ರ ಚೇತರಿಸಿಕೊಂಡ. ಬೆನ್ನು ನೆಟ್ಟಗಾಯಿತು. ಸುಶೀಲಮ್ಮನವರ ಕಡೆ ತಿರುಗಿ, ಐದು ಬೆರಳು ಕೂಡಿಸಿ, ಹುಬ್ಬು ಏರಿಸಿದ. ಊಟ ಮಾಡಿಕೊಂಡೇ ಹೋಗಬೇಕು.

ಆಗ ಅತ್ತೆಗೆ ಜೀವ ಬಂತು. ಅವಳ ಭಾಷೆ ನಡೆಯುವ ಕಾಲ ಬಂದಿತ್ತಲ್ಲ. ಸುಶೀಲಮ್ಮನವರ ಕಡೆ ಕೈ ಬೀಸಿ ಕರೆದು, ಗಲ್ಲದಿಂದ ನನ್ನನ್ನು ತೋರಿಸಿದಳು. ಬೆರಳಿನಿಂದ ಕಿವಿ ಮುಟ್ಟಿದಳು. ಅಂಗೈ ಅಲ್ಲಾಡಿಸಿದಳು. ನೋಡಿದಿರಾ, ನಾನು ಅವತ್ತೇ ಹೇಳಲಿಲ್ಲವೇ?

ಅಪ್ಪ ನೋಡಿಬಿಟ್ಟ. ಈ ಸುದ್ದಿಯನ್ನು ಅವನಿಗೆ ಅತ್ತೆ ಫೋನಿನಲ್ಲಿ ಹೇಳಿದ್ದಳು, ಓರಗಿತ್ತಿ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಿದ್ದಳು, ಎಲ್ಲರೂ ಬಾಯಲ್ಲಿ ಹೇಳಿದ್ದರು. ಸನ್ನೆಯಲ್ಲಿ ಹೇಳಿದ್ದು ಇದೇ ಮೊದಲು. ಅವನ ನಗು ನಿಂತಿತು. ನನ್ನ ಕಡೆ ಬೆರಳು ತೋರಿಸಿ, ತನ್ನ ಕಿವಿ ಮುಟ್ಟಿ, ಅತ್ತೆಯನ್ನು ಹುಬ್ಬಿನಲ್ಲಿ ಕೇಳಿದ: ಇವಳಿಗಾ? ಅತ್ತೆ ಎರಡೂ ಕೈ ಮೇಲೆತ್ತಿ, ದೇವರ ಕಡೆ ತೋರಿಸಿ, ಅಯ್ಯೋ ಪಾಪ ಎಂದು ತಲೆಯಾಡಿಸಿದಳು.

ಅಪ್ಪ ಎದ್ದ. ನನ್ನ ಕೈಯಿಂದ ರಿಮೋಟು ಕಿತ್ತುಕೊಂಡು ಟೀವಿ ಆರಿಸಿದ. ಮನೆಯಲ್ಲಿ ಎಲ್ಲರಿಗೂ ಸದ್ದು ನಿಂತಿತು. ಅವನಿಗೆ ನಿಂತಿತೋ ಇಲ್ಲವೋ, ಅವನು ಗದ್ದಲದಲ್ಲಿ ಕೂಗುವವನಂತೆಯೇ ಕೂಗಿದ.

'ಅವಳಿಗೆ ಏನೂ ಆಗಿಲ್ಲ! ಕಾದು ಕೇಳದೇ ಇರೋವ್ನು ನಾನು! ಮಿಲ್ಲಲ್ಲೇ ಹೋಯ್ತು. ಅವಳಮ್ಮನಿಗೆ ತೆರಿಯುಂ, ಬೇರೆ ಯಾರಿಗೂ ಹೇಳಲಿಲ್ಲ. ನನ್ನ ಸಲುವಾಗಿ ಟೀವಿ ಹಾಕಿದ್ಳು ಅವಳು, ಪುರಿಯಿತಾ? ನನ್ನ ಸಲುವಾಗಿ!'

'ಅಣ್ಣಾ, ಮೆಲ್ಲಗೆ, ಅಕ್ಕಪಕ್ಕ ಕೇಳಿಸುತ್ತೆ' ಎಂದಳು ಅತ್ತೆ. ಅಣ್ಣನಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿದ ಮೇಲೂ ಅವಳಿಗೆ ಹೇಳಲು ತೋಚಿದ್ದು ಅಷ್ಟೇ. ಮನುಷ್ಯ ಮುಳುಗುತ್ತಿದ್ದರೂ ಇವರಿಗೆ ಅಕ್ಕಪಕ್ಕದ ಚಿಂತೆ.

ಸುಶೀಲಮ್ಮನವರು ಮಗನ ಕಡೆ ವಾಲಿ, 'ಮನೆತನದಲ್ಲೇ ಇದೆ ಅಂತಾಯ್ತಲ್ಲೋ' ಎಂದು ಗೊಣಗಿದರು. ನನ್ನ ಕಿವಿ ಚೆನ್ನಾಗಿದೆಯಲ್ಲ, ಕೇಳಿಸಿತು.

'ಮನೆತನದ್ದಲ್ಲಮ್ಮ, ಮಗ್ಗದ್ದು' ಎಂದ ನಿಶಾಂತ್. ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. 'ಮಾಧವಿ ಕಿವಿ ಕಾಪಾಡ್ಕೊಂಡಿದ್ದಾಳೆ. ಅವರಿಗೆ ಆಗ ಯಾರೂ ಹೇಳಿಕೊಡಲಿಲ್ಲ. ಅಷ್ಟೇ ವ್ಯತ್ಯಾಸ.'

ಎದ್ದು ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅಪ್ಪನ ಎದುರಿಗೆ, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಹಾಕಿ ಕೂತ. ಕೂಗಲಿಲ್ಲ. ಮೊದಲು ನನ್ನನ್ನು ತೋರಿಸಿದ, ಆಮೇಲೆ ತನ್ನನ್ನು. ಕುತ್ತಿಗೆಯ ಹತ್ತಿರ ಎರಡು ಕೈಯಲ್ಲಿ ಮೂರು ಗಂಟು ಹಾಕಿದ. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಹುಬ್ಬು ಏರಿಸಿದ. ಮದುವೆ ಊಟ ಯಾವಾಗ ಹಾಕಿಸುತ್ತೀರಿ?

ತುಮಕೂರಿನ ಹುಡುಗ ಇಷ್ಟು ಚೆನ್ನಾಗಿ ನಮ್ಮ ಭಾಷೆಯನ್ನು ಯಾವಾಗ ಕಲಿತನೋ! ಅಪ್ಪ ಅವನ ಕೈಯನ್ನೇ ನೋಡುತ್ತಿದ್ದ. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ. 'ಆಡಿ ಮಾಸ ಕಳೀಲಿ' ಎಂದ, ಈ ಸಲ ಸ್ವಲ್ಪ ಮೆಲ್ಲಗೆ. 'ಆವಣೀಲಿ ಇಟ್ಕೊಳ್ಳೋಣ.'

ಎಲ್ಲರೂ ಸುಶೀಲಮ್ಮನವರ ಕಡೆ ನೋಡಿದೆವು. ಅವರು ಮಗನನ್ನು ನೋಡಿದರು, ಅಪ್ಪನನ್ನು ನೋಡಿದರು, ತಮ್ಮ ವಾಚನ್ನೂ ಒಮ್ಮೆ ನೋಡಿಕೊಂಡರು. ಒಂದು ನಿಟ್ಟುಸಿರು ಬಿಟ್ಟು, ಅಷ್ಟು ಹೊತ್ತು ಮುಟ್ಟದಿದ್ದ ಕಾಫಿ ಲೋಟಕ್ಕೆ ಕೈ ಹಾಕಿದರು. ಅದು ಆರಿ ತಣ್ಣಗಾಗಿತ್ತು. ಕುಡಿದರು.

ಅತ್ತೆ ಆಗಲೇ ಫೋನು ಎತ್ತಿಕೊಂಡು ಹೊರಗಿನ ಪಡಸಾಲೆಗೆ ಹೋಗಿಯಾಗಿತ್ತು. ಈ ಸಂಬಂಧ ಕೂಡಿಸಿದ್ದು ತಾನೇ ಎಂದು ಯಾರಿಗೋ ಹೇಳುತ್ತಿದ್ದಳು, ನಡುನಡುವೆ 'ಆಂ? ಆಂ?' ಎನ್ನುತ್ತ.

ಅಪ್ಪ ನನ್ನ ಹತ್ತಿರ ಬಂದ. ಏನೋ ಕೇಳಬೇಕೆಂದು ಬಂದಿದ್ದ. ನಾನು ನಮ್ಮ ಮದುವೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ಸಣ್ಣ ದೇವಸ್ಥಾನ, ನಾಕು ಜನ, ಒಂದು ನಾಗಸ್ವರ, ಪಿಸುಮಾತಿನಲ್ಲಿ ಆಡಿದ್ದೂ ಕೇಳುವಂಥ ಮದುವೆ. ಆ ಗಂಟಲು ಹರಕರನ್ನು ಹೊಸಿಲು ದಾಟಿಸುವುದಿಲ್ಲವೆಂದು ಶಪಥವನ್ನೂ ಮಾಡಿದ್ದೆ.

'ರಿಸೆಪ್ಷನ್ನಿಗೆ' ಎಂದ ಅಪ್ಪ, 'ಆರ್ಕೆಸ್ಟ್ರಾ ಇರುತ್ತಲ್ಲ?'

ಎಷ್ಟೋ ವರ್ಷದಲ್ಲಿ ಅವನು ನನ್ನನ್ನು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದು ಅವತ್ತೇ. ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ನಾನು ಹೂಂ ಎಂದು ತಲೆಯಾಡಿಸಿದೆ. ಸಾಲದೆಂದು ತೋರಿ ಕೈಯೆತ್ತಿ, ಬೀರುವಿನಷ್ಟು ಎತ್ತರದ ಸ್ಪೀಕರು ತೋರಿಸಿದೆ. ಒಂದಲ್ಲ, ಎರಡು.